ವಾಷಿಂಗ್ ಮಷೀನ್ ಮುಂದೆ ಇಪ್ಪತ್ತು ನಿಮಿಷ

ಆರು ವರ್ಷದಿಂದ ನನ್ನ ಮನೆಯಲ್ಲಿರುವುದು ಅದೇ ವಾಷಿಂಗ್ ಮಷೀನ್. ಬಟ್ಟೆ ತುಂಬು, ಪುಡಿ ಹಾಕು, ಮುಚ್ಚಳ ಮುಚ್ಚು, ಗುಂಡಿ ತಿರುಗಿಸು, ಬಟನ್ ಒತ್ತು. ಇಷ್ಟೇ ಕೆಲಸ. ನಿದ್ದೆಗಣ್ಣಲ್ಲೂ ಮಾಡುತ್ತಿದ್ದೆ. ಆ ಭಾನುವಾರ ಬೆಳಿಗ್ಗೆ ಬಟ್ಟೆ ತುಂಬಿದ ಮೇಲೆ ಮುಂದೆ ಏನು ಅಂತ ಹೊಳೆಯಲೇ ಇಲ್ಲ. ಮರೆತಿದ್ದೆ ಅಂತ ಹೇಳಲಾರೆ. ಯಾರಾದರೂ ಕೇಳಿದ್ದರೆ ಐದೂ ಹಂತ ಬಾಯಲ್ಲಿ ಒಪ್ಪಿಸುತ್ತಿದ್ದೆನೇನೋ. ಆದರೆ ತಲೆಗೂ ಕೈಗೂ ನಡುವೆ ಇದ್ದ ದಾರ ಎಲ್ಲೋ ಕಡಿದಿತ್ತು. ಎಡಗೈಯಲ್ಲಿ ಪುಡಿ ಡಬ್ಬ, ಬಲಗೈಯಲ್ಲಿ ಚಮಚ ಹಿಡಿದು ಹಾಗೇ ನಿಂತಿದ್ದೆ. ಎದುರಿಗೇ ಗೋಡೆ ಗಡಿಯಾರ ಇದ್ದದ್ದರಿಂದ ಗೊತ್ತು, 20 ನಿಮಿಷ. ಆಮೇಲೆ ಡಬ್ಬ ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಅಳು ಬರಲಿಲ್ಲ. ಏನೂ ಬರಲಿಲ್ಲ.

ಆಗ ನನಗೆ 37 ವರ್ಷ. ಪುಸ್ತಕಗಳ ಕರಡು ತಿದ್ದುವುದು ನನ್ನ ಕೆಲಸ. ಈ ಕೆಲಸ ನನಗೆ ಪ್ರಾಣ. ತಪ್ಪಿದ ಒಂದು ಒತ್ತಕ್ಷರ ಪುಟದ ಮೂಲೆಯಿಂದಲೇ ನನ್ನನ್ನು ಕೂಗಿ ಕರೆಯುತ್ತಿತ್ತು. ಹುಡುಕುವ ಕಷ್ಟವೇ ಇರಲಿಲ್ಲ. ಚೆನ್ನಾಗಿ ಮಾಡುತ್ತಾಳೆ ಅಂತ ಆರು ತಿಂಗಳ ಹಿಂದೆ ತಂಡದ ಮುಖ್ಯಸ್ಥೆ ಮಾಡಿದ್ದರು. ಅದೇ ತಿಂಗಳು ಆಫೀಸಿನ ಒಳಗೋಡೆಗಳನ್ನು ಕೆಡವಿ ಎಲ್ಲರನ್ನೂ ಒಂದೇ ಹಾಲ್‌ನಲ್ಲಿ ಕೂರಿಸಿದರು. ಕರಡು ನೋಡುವ ಸಮಯ ಅರ್ಧಕ್ಕೆ ಇಳಿಯಿತು. ಮಿಕ್ಕ ಅರ್ಧ ಮೀಟಿಂಗ್, ಫೋನು, "ಒಂದ್ ನಿಮಿಷ ಬರ್ತೀರಾ?"

ಈಗ ಹಿಂದಿರುಗಿ ನೋಡಿದರೆ ಸೂಚನೆಗಳು ಸಾಲುಗಟ್ಟಿ ನಿಂತಿದ್ದವು. ಟ್ಯೂಬ್‌ಲೈಟ್ ಗುಂಯ್‌ಗುಟ್ಟುವುದು ಮೊದಲೂ ಕೇಳುತ್ತಿತ್ತು, ಆದರೆ ಈಗ ಹಲ್ಲಿನ ಒಳಗೆ ಕೇಳಿಸುತ್ತಿತ್ತು. ಪಕ್ಕದವರು ಪೆನ್ನು ಟಿಕ್ ಟಿಕ್ ಅನ್ನಿಸಿದರೆ ಎದ್ದು ಹೋಗಿ ಬಚ್ಚಲುಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಸಂಜೆ ಮನೆಗೆ ಬಂದರೆ ದೀಪ ಹಾಕುತ್ತಿರಲಿಲ್ಲ. ಮಧ್ಯಾಹ್ನ ಊಟ ಮಾಡಿದ್ದೆನಾ ಇಲ್ಲವಾ ಅಂತ ರಾತ್ರಿ ಹತ್ತಕ್ಕೆ ಯೋಚಿಸುತ್ತಿದ್ದೆ, ಯಾಕೆಂದರೆ ಹಸಿವು ಅನ್ನುವುದು ನನಗೆ ತಡವಾಗಿ ತಲುಪುವ ಸುದ್ದಿ. ಇದಕ್ಕೆಲ್ಲ ನಾನು ಕೊಟ್ಟುಕೊಂಡ ಹೆಸರು "ನಿದ್ದೆ ಸಾಲ್ತಿಲ್ಲ".

ಮಷೀನ್ ಪ್ರಸಂಗದ ಮರುವಾರ ಒಂದು ಕರಡಿನಲ್ಲಿ ಅಧ್ಯಾಯದ ಹೆಸರೇ ತಪ್ಪಾಗಿತ್ತು. ಶೀರ್ಷಿಕೆಯಲ್ಲಿ, ದೊಡ್ಡ ಅಕ್ಷರದಲ್ಲಿ. ನನಗೆ ಕಾಣಲಿಲ್ಲ. ಮೂರು ಸಲ ಓದಿದ್ದೆ. ಪದಗಳು ಒಂದರ ಪಕ್ಕ ಒಂದು ಕೂತಿದ್ದವು, ಆದರೆ ವಾಕ್ಯ ಆಗುತ್ತಿರಲಿಲ್ಲ. ಅವತ್ತು ನಿಜವಾಗಿ ಹೆದರಿಕೆ ಆಯಿತು.

ಅಕ್ಕನಿಗೆ ಹೇಳಿದೆ. ಅವಳು ಮಾತಾಡುವುದಕ್ಕಿಂತ ಮುಂಚೆ ಕೆಲಸ ಮಾಡುವವಳು. ಬಂದವಳೇ ಮಷೀನ್‌ನ ಐದು ಹಂತವನ್ನು ಒಂದು ಚೀಟಿಯಲ್ಲಿ ಬರೆದು ಅದರ ಮೇಲೆ ಅಂಟಿಸಿದಳು. "ನಡಿ ನಮ್ಮನೆಗೆ, ಎರಡು ವಾರ ರಜ ಹಾಕು, ಸರಿಹೋಗ್ತೀಯ" ಅಂದಳು. ಹೋದೆ. ಅವಳ ಮನೆಯಲ್ಲಿ ಪ್ರೀತಿ ಜಾಸ್ತಿ, ಮಾತೂ ಜಾಸ್ತಿ. ಇಬ್ಬರು ಮಕ್ಕಳು, ಇಡೀ ದಿನ ಟಿವಿ, ಬಂದು ಹೋಗುವವರು. ಬೆಳಿಗ್ಗೆ ಎದ್ದ ಕೂಡಲೇ ನಗುಮುಖ ಹಾಕಿಕೊಳ್ಳಬೇಕು. ಎರಡು ವಾರ ಮುಗಿಸಿ ಬರುವಾಗ ಹೋದಾಗಿದ್ದಕ್ಕಿಂತ ಹೆಚ್ಚು ಸುಸ್ತಾಗಿದ್ದೆ. ರಜ ಹಾಕಿ ಆಫೀಸ್ ಬಿಟ್ಟಿದ್ದೆ, ನಿಜ. ದಣಿಸುತ್ತಿದ್ದ ಕೆಲಸವನ್ನು ಮಾತ್ರ ಜೊತೆಗೇ ಒಯ್ದಿದ್ದೆ. ಆ ಕೆಲಸ ಯಾವುದು ಅಂತ ಗೊತ್ತಾಗಲು ಇನ್ನೂ ಐದು ತಿಂಗಳು ಬೇಕಿತ್ತು.

ಮೊದಲು ನೋಡಿದ ಡಾಕ್ಟರು ಡಿಪ್ರೆಶನ್ ಅಂದರು. ಅವರನ್ನು ದೂರುವುದಿಲ್ಲ. ನಾನು ಹೇಳಿದ್ದು ಸುಸ್ತು, ಯಾರೂ ಬೇಡ ಅನ್ನಿಸುತ್ತೆ, ಓದಲಾಗುತ್ತಿಲ್ಲ ಅಂತ. ಯಾರಿಗಾದರೂ ಹಾಗೇ ತೋರಬೇಕು. "ಇದ್ದು ಏನು ಪ್ರಯೋಜನ ಅನ್ನಿಸಿದ್ದಿದೆಯಾ?" ಅಂತ ಅವರು ನೇರವಾಗಿ ಕೇಳಿದರು. ಇದೆ ಅಂದೆ. ಅಷ್ಟು ಹೇಳಿದ್ದೇ ಒಳ್ಳೆಯದಾಯಿತು. ಅಕ್ಕನಿಗೂ ತಿಳಿಸಿ, ವಾರಕ್ಕೊಮ್ಮೆ ಬರಲೇಬೇಕು ಅಂತ ಗೊತ್ತು ಮಾಡಿದರು. ಮಾತ್ರೆಯಿಂದ ಆ ಕತ್ತಲೆ ಸ್ವಲ್ಪ ತೆಳುವಾಯಿತು ಕೂಡ.

ಮಾತ್ರೆಯ ಜೊತೆ ಬಂದ ಸಲಹೆ ಮಾತ್ರ ನನ್ನನ್ನು ಮಕಾಡೆ ಮಲಗಿಸಿತು. ಹೊರಗೆ ಹೋಗಿ, ನಾಲ್ಕು ಜನರ ಜೊತೆ ಬೆರೆಯಿರಿ, ದಿನಚರಿಗೆ ಹೊಸದೇನಾದರೂ ಸೇರಿಸಿ. ಡಿಪ್ರೆಶನ್‌ನಲ್ಲಿ ಈ ಸಲಹೆಗೆ ಅರ್ಥವಿದೆ. ಮನಸ್ಸು ಎಲ್ಲದರಿಂದ ಹಿಂದೆ ಸರಿದಷ್ಟೂ ಖುಷಿಯ ದಾರಿಗಳು ಮುಚ್ಚುತ್ತವೆ, ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಚಟುವಟಿಕೆ ಹೆಚ್ಚಿಸುತ್ತಾರೆ. ವಿಧೇಯ ವಿದ್ಯಾರ್ಥಿನಿಯ ಹಾಗೆ ನಾನು ಒಂದು ವಾಕಿಂಗ್ ಗುಂಪಿಗೆ ಸೇರಿದೆ. ಎಂಟು ಜನ. ಒಬ್ಬೊಬ್ಬರ ನಡಿಗೆಯ ವೇಗ ಒಂದೊಂದು, ಮೂರು ಮಾತುಕತೆ ಒಟ್ಟಿಗೆ. ಮೂರನೇ ವಾರ ಒಬ್ಬರು ನನ್ನನ್ನು "ನಾಳೆ ಬರ್ತೀರಾ?" ಅಂತ ಕೇಳಿದರು. ಉತ್ತರ ಗೊತ್ತಿತ್ತು. ಬಾಯಿಗೆ ಬರಲಿಲ್ಲ. ನಾಲಿಗೆ ಇತ್ತು, ಪದ ಇತ್ತು, ಎರಡೂ ಸೇರಲಿಲ್ಲ. ಕೊನೆಗೆ ಫೋನಿನಲ್ಲಿ "ಇಲ್ಲ" ಅಂತ ಟೈಪ್ ಮಾಡಿ ತೋರಿಸಿದೆ. ಅವರು ನಕ್ಕರು, ತಮಾಷೆ ಅಂದುಕೊಂಡರು. ಮಾತು ವಾಪಸ್ ಬಂದದ್ದು ಸಂಜೆಗೆ.

ಡಾಕ್ಟರಿಗೆ ಇದನ್ನು ಹೇಳಿದಾಗ ಅವರು ಪೆನ್ನು ಕೆಳಗಿಟ್ಟು ನನ್ನನ್ನು ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕಳಿಸಿದರು. ಆಕೆ ಕೇಳಿದ ಮೊದಲ ಪ್ರಶ್ನೆ, "ಮಾತು ನಿಂತುಹೋದದ್ದು ಇದೇ ಮೊದಲಾ?"

ಮೊದಲಲ್ಲ. 19ರಲ್ಲಿ ಹಾಸ್ಟೆಲ್ ಸೇರಿದ ವರ್ಷ ಒಂದು ಸಲ. 28ರಲ್ಲಿ ಕೆಲಸ ಬದಲಿಸಿದಾಗ ಇನ್ನೊಂದು ಸಲ. ಎರಡೂ ಸಲ ತಿಂಗಳುಗಟ್ಟಲೆ ಹಾಸಿಗೆ ಹಿಡಿದು, ಎಲ್ಲ ಬಿಟ್ಟು, ಮತ್ತೆ ಸೊನ್ನೆಯಿಂದ ಶುರು ಮಾಡಿದ್ದೆ. ಮನೆಯಲ್ಲಿ ಅದಕ್ಕಿದ್ದ ಹೆಸರು ಸೋಮಾರಿತನ. ನಾನೂ ಹಾಗೇ ನಂಬಿದ್ದೆ. "ಬದುಕಿನಲ್ಲಿ ದೊಡ್ಡ ಬದಲಾವಣೆ ಆದಾಗಲೆಲ್ಲ ಹೀಗಾಗಿದೆ, ಅಲ್ವಾ?" ಅಂದರು ಆಕೆ. ಮೂರನ್ನೂ ಒಂದೇ ಗೆರೆಯ ಮೇಲಿಟ್ಟು ನಾನು ಯಾವತ್ತೂ ನೋಡಿರಲಿಲ್ಲ.

ಆಮೇಲೆ ಎರಡು ತಿಂಗಳಲ್ಲಿ ನಾಲ್ಕು ಸಲ ಕೂತೆವು. ಮೊದಲ ಪ್ರಶ್ನಾವಳಿ ಆಟಿಸಂ ಲಕ್ಷಣಗಳನ್ನು ಅಳೆಯುವಂಥದ್ದು (ಆಟಿಸಂ ಅಂದರೆ ಜನರ ಜೊತೆ ಬೆರೆಯುವ, ಸದ್ದು ಬೆಳಕನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು). 50 ಪ್ರಶ್ನೆಯದು, 2001ರಲ್ಲಿ ಮನಶ್ಶಾಸ್ತ್ರಜ್ಞ ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು ಮಾಡಿದ್ದು. ಪಾರ್ಟಿಗಿಂತ ಲೈಬ್ರರಿ ನಿಮಗೆ ಇಷ್ಟವೇ ಅನ್ನುವಂಥ ಒಂದು ಹೇಳಿಕೆ ಅದರಲ್ಲಿದೆ. ನಾನು ಪಕ್ಕದಲ್ಲಿ ಪೆನ್ಸಿಲ್‌ನಿಂದ ಬರೆದೆ: ಯಾವ ಲೈಬ್ರರಿ? ಯಾರ ಪಾರ್ಟಿ? ಎಷ್ಟು ಹೊತ್ತು? ಹೀಗೆ ಅಂಚಿನ ತುಂಬ ಟಿಪ್ಪಣಿ. ಆಕೆ ಹಾಳೆ ನೋಡಿ ನಕ್ಕು, "ಉತ್ತರಕ್ಕಿಂತ ಈ ಅಂಚೇ ಜಾಸ್ತಿ ಹೇಳುತ್ತೆ" ಅಂದರು. ಕರಡು ತಿದ್ದುವವಳ ಕೈ, ಏನು ಮಾಡೋದು.

ನನ್ನನ್ನು ಅಲ್ಲಾಡಿಸಿದ್ದು ಇನ್ನೊಂದು ಪ್ರಶ್ನಾವಳಿ. ಲಾರಾ ಹಲ್ ಮತ್ತು ಸಂಗಡಿಗರು ಮಾಡಿದ, 25 ಹೇಳಿಕೆಗಳ ಕ್ಯಾಟ್-ಕ್ಯೂ. ಆಟಿಸಂ ಇರುವವರು ಅದನ್ನು ಎಷ್ಟು, ಹೇಗೆ ಮುಚ್ಚಿಡುತ್ತಾರೆ ಅಂತ ಅಳೆಯುವುದು ಇದರ ಕೆಲಸ. ಬೇರೆಯವರ ಮುಖಭಾವ, ಹಾವಭಾವ ನೋಡಿ ಕಲಿಯುತ್ತೀರಾ, ಮಾತನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳುತ್ತೀರಾ, ಜನರ ನಡುವೆ ನಟಿಸುತ್ತಿದ್ದೀನಿ ಅನ್ನಿಸುತ್ತಾ, ಈ ಥರದ ವಿಚಾರಗಳು. ಒಂದೊಂದಕ್ಕೂ ನನ್ನ ಮನಸ್ಸಿನಲ್ಲಿ ಬಂದದ್ದು ಒಂದೇ ಮಾತು: ಎಲ್ಲರೂ ಹೀಗೇ ಮಾಡ್ತಾರಲ್ವಾ? ಜೋರಾಗಿಯೇ ಕೇಳಿಬಿಟ್ಟೆ. "ಸ್ವಲ್ಪ ಮಟ್ಟಿಗೆ ಮಾಡ್ತಾರೆ. ಎಚ್ಚರ ಇರುವಷ್ಟು ಹೊತ್ತೂ ಮಾಡಲ್ಲ" ಅಂದರು.

ಬಾಲ್ಯದ ಬಗ್ಗೆ ಹೇಳಲು ಅಕ್ಕ ಬಂದಿದ್ದಳು. ನಾನು ಕೂತಿದ್ದಾಗಲೇ ಹೇಳಿದಳು. "ಇವಳಿಗೆ ಒಂಬತ್ತು ವರ್ಷ. ಒಂದು ನೋಟ್‌ಬುಕ್ ಇಟ್ಕೊಂಡಿದ್ಲು. ಮನೆಗೆ ಯಾರಾದ್ರೂ ಬಂದ್ರೆ ಏನು ಕೇಳಬೇಕು, ಅವರು ಏನಂದ್ರೆ ಏನು ಹೇಳಬೇಕು ಅಂತ ಅದರಲ್ಲಿ ಬರೀತಿದ್ಲು." ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ತಿರುಗಿ, "ಕನ್ನಡಿ ಮುಂದೆ ನಿಂತು ನಗೋದನ್ನ ಅಭ್ಯಾಸ ಮಾಡ್ತಿದ್ದೆ, ನೆನಪಿದ್ಯೇನೇ? ಎಡಗಡೆ ತುಟಿ ಜಾಸ್ತಿ ಏರುತ್ತೆ ಅಂತ ಬೆರಳಲ್ಲಿ ಹಿಡ್ಕೊಳ್ತಿದ್ದೆ. ನಾನು ಅದನ್ನ ನೋಡಿ ಆಡ್ಕೋತಿದ್ದೆ" ಅಂದಳು. ಅವಳಿಗೆ ಮುಂದೆ ಮಾತು ಬರಲಿಲ್ಲ. ನನಗೆ ಆ ನೋಟ್‌ಬುಕ್ ಮಾತ್ರ ನೆನಪಿತ್ತು. ಬೆರಳು ನೆನಪಿರಲಿಲ್ಲ.

ನಾಲ್ಕನೇ ಸಲ ಆಕೆ ಹೇಳಿದರು: ಆಟಿಸಂ. 37 ವರ್ಷ ಯಾರಿಗೂ ಕಾಣಲಿಲ್ಲವಾ ಅಂದೆ. ರೋಗನಿರ್ಣಯಕ್ಕೆ ಬಳಸುವ, 2013ರ ಡಿಎಸ್‌ಎಂ-5 ಕೈಪಿಡಿಯಲ್ಲೇ ಇದಕ್ಕೆ ಜಾಗ ಇದೆಯಂತೆ. ಲಕ್ಷಣಗಳು ಬಾಲ್ಯದಿಂದಲೇ ಇರಬೇಕು, ಆದರೆ ಸುತ್ತಲಿನ ಬೇಡಿಕೆ ಶಕ್ತಿ ಮೀರುವವರೆಗೆ ಪೂರ್ತಿ ಹೊರಗೆ ಬರದೇ ಇರಬಹುದು. ಕಲಿತ ಉಪಾಯಗಳ ಅಡಿಯಲ್ಲಿ ಮುಚ್ಚಿಹೋಗಿರಲೂಬಹುದು. ನನ್ನ ಜೀವನಚರಿತ್ರೆ ಎರಡು ಸಾಲಿನಲ್ಲಿ ಮುಗಿಯಿತು.

"ಹಾಗಾದರೆ ಈ ಸುಸ್ತು? ಆಟಿಸಂ ನನಗೆ ಹುಟ್ಟಿನಿಂದ ಇದೆ, ಸುಸ್ತು ಈಗ ಬಂದಿದ್ದಲ್ವಾ?" ಅಂದೆ. ಆಗ ಆಕೆ ಆಟಿಸ್ಟಿಕ್ ಬರ್ನ್‌ಔಟ್ ಅನ್ನುವ ಮಾತು ಹೇಳಿದರು.

ಬರ್ನ್‌ಔಟ್ ಅನ್ನುವ ಪದ ನನಗೆ ಗೊತ್ತಿತ್ತು, ಯಾರಿಗೆ ಗೊತ್ತಿಲ್ಲ? 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ತಾವು ಕೆಲಸ ಮಾಡುತ್ತಿದ್ದ ಉಚಿತ ಕ್ಲಿನಿಕ್‌ನ ಕಾರ್ಯಕರ್ತರು ಬತ್ತಿಹೋಗುವುದನ್ನು ನೋಡಿ ಅದರ ಬಗ್ಗೆ ಬರೆದಿದ್ದರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿ ಐಸಿಡಿ-11ರಲ್ಲೂ ಅದು ಇದೆ, ಆದರೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯಾಗಿ ಮಾತ್ರ: ದಣಿವು, ಕೆಲಸದ ಮೇಲೆ ಜಿಗುಪ್ಸೆ, ಮಾಡಿದ್ದು ಸಾಲದು ಅನ್ನುವ ಭಾವನೆ. ನನಗೆ ಕೆಲಸದ ಮೇಲೆ ಜಿಗುಪ್ಸೆ ಇರಲೇ ಇಲ್ಲ. ಕರಡಿನ ಕಟ್ಟು ಕಂಡರೆ ಈಗಲೂ ಕೈ ತುರಿಸುತ್ತಿತ್ತು. ಆಟಿಸ್ಟಿಕ್ ಬರ್ನ್‌ಔಟ್ ಈ ಕೈಪಿಡಿ, ಪಟ್ಟಿ ಯಾವುದರಲ್ಲೂ ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಹೆಸರು ಬಂದದ್ದು ಆಟಿಸಂ ಇರುವವರ ಬಾಯಿಂದಲೇ. ಸಂಶೋಧಕರು ಆಮೇಲೆ ಬಂದರು.

ಆಕೆ ಕೊಟ್ಟ ಪ್ರಬಂಧ 2020ರದ್ದು, 'ಆಟಿಸಂ ಇನ್ ಅಡಲ್ಟ್‌ಹುಡ್' ಅನ್ನುವ ಪತ್ರಿಕೆಯಲ್ಲಿ ಬಂದದ್ದು. ಬರೆದವರು ಡೋರಾ ರೇಮೇಕರ್ ಮತ್ತು ಸಂಗಡಿಗರು. ರೇಮೇಕರ್ ಅವರೂ ಆಟಿಸಂ ಇರುವವರೇ. ಅದನ್ನು ಓದಿ ಮುಗಿಸಲು ನನಗೆ ಹನ್ನೊಂದು ದಿನ ಹಿಡಿಯಿತು, ದಿನಕ್ಕೆ ಒಂದು ಪುಟದ ಲೆಕ್ಕ. ಅವರು ಮೂರು ಗುರುತು ಹೇಳುತ್ತಾರೆ. ತಿಂಗಳುಗಟ್ಟಲೆ, ಸಾಮಾನ್ಯವಾಗಿ ಮೂರು ತಿಂಗಳಿಗೂ ಮೀರಿ ಇರುವ ದಣಿವು. ಕೈಲಿದ್ದ ವಿದ್ಯೆಗಳು ಬಿಟ್ಟುಹೋಗುವುದು. ಸದ್ದು, ಬೆಳಕು, ಮುಟ್ಟುವುದನ್ನು ತಡೆದುಕೊಳ್ಳುವ ಶಕ್ತಿ ಕುಸಿಯುವುದು. ಎರಡನೆಯದನ್ನು ಓದಿದ ದಿನ ಪುಟ ಮಗುಚಿ ಇಟ್ಟೆ. ಪುಡಿ ಡಬ್ಬ ಹಿಡಿದು ನಿಂತ ಇನ್ನೊಬ್ಬರು ಎಲ್ಲೋ ಇದ್ದಾರೆ.

ಕಾರಣವಾಗಿ ಅವರು ಹೇಳುವುದು ಒಬ್ಬ ಬಾಸ್, ಒಂದು ಆಫೀಸ್ ಅಂತ ಅಲ್ಲ. ಬಹಳ ಕಾಲದಿಂದ ಹೊತ್ತ ಹೊರೆ. ನಮ್ಮಿಂದ ಜನ ಬಯಸುವುದಕ್ಕೂ ನಮ್ಮ ಕೈಲಾಗುವುದಕ್ಕೂ ಇರುವ ಅಂತರ. ಆ ಅಂತರಕ್ಕೆ ಯಾವ ಆಸರೆಯೂ ಇಲ್ಲದಿರುವುದು. ಹೊರೆಯಲ್ಲಿ ದೊಡ್ಡ ಪಾಲು ಮಾಸ್ಕಿಂಗ್‌ನದು, ಆಟಿಸಂ ಕಾಣದ ಹಾಗೆ ಮುಚ್ಚಿಡುವುದರದು, ಅಂದರೆ ಒಂಬತ್ತು ವರ್ಷದ ಹುಡುಗಿ ತುಟಿಗೆ ಹಿಡಿದ ಆ ಬೆರಳಿನದು. ಅಕ್ಕನ ಮನೆಗೆ ನಾನು ಜೊತೆಗೇ ಒಯ್ದ ಕೆಲಸ ಯಾವುದು ಅಂತ ಆಗ ತಿಳಿಯಿತು.

ತಿಳಿದ ಮೇಲೆ ಸರಿಹೋಗುತ್ತೆ ಅಂದುಕೊಂಡಿದ್ದೆ. ಹೋಗಲಿಲ್ಲ. ತಿಳಿಯುವುದಕ್ಕೂ ಶಕ್ತಿ ಬೇಕು, ಮೊದಲ ತಿಂಗಳು ಅದಕ್ಕೇ ಖರ್ಚಾಯಿತು.

ಮನಶ್ಶಾಸ್ತ್ರಜ್ಞೆ ಹೇಳಿದ ಉಪಾಯ ಕೇಳಲು ಸಪ್ಪೆ: ಒಂದು ವಾರ ಪ್ರತಿ ಕೆಲಸದ ಮುಂದೆ, ಅದು ಎಷ್ಟು ಕಳೆಯಿತು, ಎಷ್ಟು ತುಂಬಿತು ಅಂತ ಬರೆಯಿರಿ. ಅಂದಾಜಿಗೆ ಒಂದು ಸಂಖ್ಯೆ ಸಾಕು. ನಾನು ಮೀಟಿಂಗ್ ದೊಡ್ಡ ಖರ್ಚು ಅಂದುಕೊಂಡಿದ್ದೆ. ಲೆಕ್ಕದ ಪುಸ್ತಕ ಬೇರೆಯೇ ಹೇಳಿತು. ಮೀಟಿಂಗ್ ಮುಗಿಸಿ ಹೊರಗೆ ಬಂದು ಲಿಫ್ಟ್‌ಗೆ ಕಾಯುವ ಮೂರು ನಿಮಿಷ ಅದಕ್ಕಿಂತ ದುಬಾರಿ. ಮೀಟಿಂಗ್‌ನಲ್ಲಿ ವಿಷಯ ಇರುತ್ತೆ. ಲಿಫ್ಟ್ ಮುಂದೆ ಮುಖ ಮಾತ್ರ ಇರುತ್ತೆ, ಅದಕ್ಕೆ ಏನಾದರೂ ಹೇಳಬೇಕು, ಅದರ ಕಣ್ಣು ನೋಡಬೇಕು, ಎಷ್ಟು ಹೊತ್ತು ನೋಡಬೇಕು ಅಂತ ಒಳಗೇ ಎಣಿಸಬೇಕು. ಮೂರು ಮಹಡಿ ಮೆಟ್ಟಿಲು ಹತ್ತಿ ಇಳಿಯುವುದು ನನಗೆ ವಿಶ್ರಾಂತಿ ಅಂತ ಲೆಕ್ಕ ಬರೆದಾಗಲೇ ಗೊತ್ತಾದದ್ದು.

ತುಂಬಿಸುವ ಕಡೆಯ ಪಟ್ಟಿ ಚಿಕ್ಕದು, ಸ್ವಲ್ಪ ನಾಚಿಕೆಯದೂ ಹೌದು. ಹಳೆಯ ನಿಘಂಟನ್ನು ಸುಮ್ನೆ ಸಾಲಾಗಿ ಓದುವುದು. ಭಾರದ ಹೊದಿಕೆಯ ಕೆಳಗೆ ಕತ್ತಲೆಯಲ್ಲಿ ಮಲಗುವುದು. ಕೂತು ಮುಂದೆ ಹಿಂದೆ ತೂಗುವುದು. ಈ ಕೊನೆಯದನ್ನು ಚಿಕ್ಕವಳಿದ್ದಾಗ ಬೈಸಿಕೊಂಡು ಬಿಟ್ಟಿದ್ದೆ. 37ನೇ ವಯಸ್ಸಿನಲ್ಲಿ ಬಾಗಿಲು ಹಾಕಿಕೊಂಡು ಮತ್ತೆ ತೂಗಿದಾಗ, ಹೆಗಲು ಕಿವಿಯ ಹತ್ತಿರದಿಂದ ಇಳಿದು ತನ್ನ ಜಾಗಕ್ಕೆ ಬಂತು. ಅದು ಅಷ್ಟು ಮೇಲೆ ಇತ್ತು ಅಂತಲೇ ಗೊತ್ತಿರಲಿಲ್ಲ.

ಮೂರು ತಿಂಗಳು ಸಂಬಳವಿಲ್ಲದ ರಜ ಹಾಕಿದೆ. ಎಲ್ಲರಿಗೂ ಇದು ಸಾಧ್ಯವಿಲ್ಲ ಅಂತ ಗೊತ್ತು. ನನಗೆ ಸ್ವಲ್ಪ ಉಳಿತಾಯ ಇತ್ತು, ಅಕ್ಕ ಇದ್ದಳು. ಈ ಸಲ ಯಾರ ಮನೆಗೂ ಹೋಗಲಿಲ್ಲ. ವಾಕಿಂಗ್ ಗುಂಪು ಬಿಟ್ಟೆ. ಡಾಕ್ಟರು ಒಪ್ಪಿಯೇ ಬಿಡಿಸಿದರು, ಮಾತ್ರೆ ಮುಂದುವರಿಸಿದರು. ವಾರದಲ್ಲಿ ಐದು ದಿನ ಒಂದೇ ಊಟ, ಒಂದೇ ಥರದ ಬಟ್ಟೆ, ಫೋನು ಸೈಲೆಂಟ್. ಹೊರಗಿನಿಂದ ನೋಡಿದವರಿಗೆ ನಾನು ಇನ್ನೂ ಹದಗೆಟ್ಟ ಹಾಗೆ ಕಂಡಿರಬೇಕು. ಅಕ್ಕನಿಗೂ ಹಾಗೇ ಅನ್ನಿಸಿತ್ತು. ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದಳು. ಕೊನೆಗೆ ಒಂದು ಒಪ್ಪಂದ ಮಾಡಿಕೊಂಡೆವು: ಬೆಳಿಗ್ಗೆ ರಾತ್ರಿ ನಾನು ಒಂದು ಚುಕ್ಕಿ ಕಳಿಸುತ್ತೇನೆ. ಬರೀ ಒಂದು ಫುಲ್‌ಸ್ಟಾಪ್. ಬಂದರೆ ಇದ್ದೀನಿ ಅಂತ ಅರ್ಥ. ಬರದಿದ್ದರೆ ಅವಳ ಹತ್ತಿರ ನನ್ನ ಮನೆ ಕೀಲಿ ಇದೆ.

ಏಳನೇ ವಾರದವರೆಗೆ ಏನೂ ಬದಲಾಗಲಿಲ್ಲ. ಎಂಟನೇ ವಾರ ಒಂದು ದಿನ ಬೆಳಿಗ್ಗೆ ಹಸಿವಾಯಿತು. ಸಮಯಕ್ಕೆ ಸರಿಯಾಗಿ. ಅದನ್ನು ಅಕ್ಕನಿಗೆ ಚುಕ್ಕಿಯ ಬದಲು ಪೂರ್ತಿ ವಾಕ್ಯದಲ್ಲಿ ಬರೆದು ಕಳಿಸಿದೆ.

ಕೆಲಸಕ್ಕೆ ಮರಳುವ ಮಾತುಕತೆ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ರಸ ಇಲ್ಲ. ಮುಖ್ಯಸ್ಥೆಯ ಕುರ್ಚಿ ಬಿಟ್ಟೆ, ಸಂಬಳವೂ ಇಳಿಯಿತು. ಗೋಡೆ ಪಕ್ಕದ ಜಾಗ, ಕಿವಿಗೆ ಸದ್ದು ತಡೆಯುವ ಹೆಡ್‌ಫೋನ್, ಮೀಟಿಂಗ್‌ಗೆ ಮೊದಲೇ ಬರಹದಲ್ಲಿ ವಿಷಯಗಳು, ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ: ಕೇಳಿದ್ದು ಇಷ್ಟು. "ನೋಡಿದ್ರೆ ಹಾಗೆ ಕಾಣಲ್ಲ ನೀವು" ಅಂದರು ಮೇಲಿನವರು. ಹೊಗಳಿಕೆ ಅಂತಲೇ ಅಂದರು. ಹಾಗೆ ಕಾಣದ ಹಾಗೆ ಇರಲು ಎಷ್ಟು ಖರ್ಚಾಗಿದೆ ಅಂತ ಲೆಕ್ಕದ ಪುಸ್ತಕ ತೆಗೆದು ತೋರಿಸೋಣ ಅನ್ನಿಸಿತು. ತೋರಿಸಲಿಲ್ಲ. ಮನೆಯಿಂದ ಕೆಲಸ ಎರಡು ದಿನಕ್ಕೆ ಒಪ್ಪಿದರು. ಹೆಡ್‌ಫೋನ್‌ಗೆ ಒಂದು ಪತ್ರ ಬೇಕಂತೆ, ಕೊಟ್ಟೆ.

ಈಗ ಆ ಭಾನುವಾರಕ್ಕೆ ಹದಿನಾಲ್ಕು ತಿಂಗಳು. ಎಲ್ಲ ವಾಪಸ್ ಬಂದಿಲ್ಲ. ಗೊತ್ತಿಲ್ಲದ ನಂಬರಿನ ಕರೆ ತೆಗೆಯಲು ಈಗಲೂ ಆಗುವುದಿಲ್ಲ, ಮುಂಚೆ ಆಗುತ್ತಿತ್ತು. ಗುಂಪಿನಲ್ಲಿ ಒಂದು ಗಂಟೆ ಇದ್ದರೆ ಮರುದಿನ ಅರ್ಧ ದಿನ ಖಾಲಿ ಇಡಬೇಕು. ಜನರ ಮಧ್ಯೆ ನಗು ಇನ್ನೂ ತಾನಾಗಿಯೇ ಹತ್ತಿಕೊಳ್ಳುತ್ತೆ. ಆರಿಸುವ ಸ್ವಿಚ್ ಎಲ್ಲಿದೆ ಅಂತ ಹುಡುಕುತ್ತಿದ್ದೇನೆ. ಅಕ್ಕನ ಮುಂದೆ ಮಾತ್ರ ಅದು ಹತ್ತುವುದು ಕಡಿಮೆಯಾಗಿದೆ. ಹೋದ ವಾರ ಅವಳ ಮನೆಯಲ್ಲಿ ಒಂದು ಗಂಟೆ ಏನೂ ಮಾತಾಡದೆ ಕೂತಿದ್ದೆ. ಅವಳು ತನ್ನ ಪಾಡಿಗೆ ಬಟ್ಟೆ ಮಡಿಸುತ್ತಿದ್ದಳು, ಟಿವಿ ಆಫ್ ಮಾಡಿದ್ದಳು.

ಅವಳು ಅಂಟಿಸಿದ ಚೀಟಿ ಮಷೀನ್ ಮೇಲೆ ಹಾಗೇ ಇದೆ. ತಿಂಗಳುಗಟ್ಟಲೆ ಅದನ್ನು ನೋಡಿಕೊಂಡೇ ಬಟ್ಟೆ ಒಗೆದಿದ್ದೇನೆ, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು. ಕೆಲಸಕ್ಕೆ ಮರಳಿದ ಮೂರನೇ ವಾರ, ಪುಡಿ ಹಾಕಿ ಚೀಟಿ ನೋಡಿದವಳಿಗೆ ಮೂರನೇ ಸಾಲು ಕಣ್ಣಿಗೆ ಚುಚ್ಚಿತು. ಮುಚ್ಚಳ ಅನ್ನುವ ಕಡೆ ಅಕ್ಕ 'ಮುಚ್ಚಲ' ಅಂತ ಬರೆದಿದ್ದಾಳೆ.

ತಿದ್ದಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಚಿಕ್ಕ ಗುರುತು ಹಾಕಿ, ದಿನಾಂಕ ಬರೆದಿಟ್ಟಿದ್ದೇನೆ.